ಮಿಲ್ಲಿನ ಸರ್ವರಿಗೆ ಲ್ಯಾಪ್‌ಟಾಪ್ ಜೋಡಿಸುವುದು: ಡಿಬೀವರ್, ಡ್ರೈವರ್ ಮತ್ತು ಮೊದಲ ಕ್ವೆರಿ

ಗಂಗಾವತಿ, ಕಾರಟಗಿ ಕಡೆಯ ಎಷ್ಟೋ ರೈಸ್‌ಮಿಲ್‌ಗಳಲ್ಲಿ ಈಗ ಕಾಟಾ ಚೀಟಿ, ಹಮಾಲಿ ಲೆಕ್ಕ, ತೌಡು-ನುಚ್ಚಿನ ಮಾರಾಟ ಎಲ್ಲ ಕಂಪ್ಯೂಟರಿನಲ್ಲೇ ಇದೆ. ಆಫೀಸ್ ರೂಮಿನ ಮೂಲೆಯಲ್ಲಿ ಒಂದು ಸಿಪಿಯು, ಅದರೊಳಗೆ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್, ಅಂದರೆ ಲೆಕ್ಕವೆಲ್ಲ ಕೂಡಿಟ್ಟ ಕಣಜ. ಸಾಫ್ಟ್‌ವೇರ್ ಕೊಡುವ ರಿಪೋರ್ಟ್ ಒಂದು ಹಂತದವರೆಗೆ ಸಾಕು. ಈ ಸುಗ್ಗಿಯಲ್ಲಿ ಯಾವ ಊರಿನಿಂದ ಎಷ್ಟು ಚೀಲ ಸೋನಾ ಮಸೂರಿ ಬಂತು, ಹೋದ ಸಲಕ್ಕಿಂತ ತೇವ ಜಾಸ್ತಿ ಇತ್ತಾ ಅಂತ ಸಾಹುಕಾರರು ಕೇಳಿದರೆ ಆ ರಿಪೋರ್ಟ್‌ಗಳಲ್ಲಿ ಉತ್ತರ ಸಿಗುವುದಿಲ್ಲ. ಆಗ ಡೇಟಾಬೇಸನ್ನೇ ನೇರವಾಗಿ ತೆರೆದು ನೋಡಬೇಕು.

ಅದಕ್ಕೆ ನಾನು ಬಳಸುವುದು ಡಿಬೀವರ್ ಕಮ್ಯುನಿಟಿ. ಉಚಿತ, ಓಪನ್ ಸೋರ್ಸ್. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಒಂದೇ ಥರ ಕಾಣುತ್ತದೆ. ಇನ್‌ಸ್ಟಾಲರ್ ಜೊತೆಗೇ ಜಾವಾ ಬರುತ್ತದೆ, ಬೇರೆ ಹಾಕಬೇಕಾಗಿಲ್ಲ. ಹೊಸದಾಗಿ ಕಲಿಯುವ ಹುಡುಗರು ಸಿಕ್ಕಿಹಾಕಿಕೊಳ್ಳುವುದು ಡೇಟಾಬೇಸಿಗೆ ಪ್ರಶ್ನೆ (ಕ್ವೆರಿ) ಬರೆಯುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಅಲ್ಲ, ಅದಕ್ಕೂ ಮುಂಚೆ, ಕನೆಕ್ಷನ್‌ನಲ್ಲೇ. ಕೆಂಪು ಎರರ್ ಬಂದ ಕೂಡಲೇ ಎಲ್ಲ ಸೆಟ್ಟಿಂಗನ್ನೂ ಒಟ್ಟಿಗೆ ಬದಲಿಸಲು ಹೋಗುತ್ತಾರೆ. ಹಾಗೆ ಮಾಡಬೇಡಿ. ಕನೆಕ್ಷನ್ ಅಂದರೆ ನಾಲ್ಕೈದು ಕೊಂಡಿಗಳ ಸರಪಳಿ. ಯಾವ ಕೊಂಡಿ ಬಿಟ್ಟಿದೆ ಅಂತ ಎರರ್ ಸಂದೇಶವೇ ಹೇಳುತ್ತದೆ. ಅದನ್ನು ಓದುವುದು ಬಂದರೆ ಅರ್ಧ ದಿನದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಒಂದು ಮಾತು. ಇಲ್ಲಿ ಬಟನ್ ಹೆಸರು, ಕಮಾಂಡ್ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಡ್ರೈವರ್ ಅಂದರೆ ಏನು

ನಮ್ಮ ಕಡೆಯ ಕ್ಯಾಂಪ್‌ಗಳಲ್ಲಿ ತೆಲುಗು ಮಾತಾಡುವ ರೈತರು ಬಹಳ. ಅವರು ಭತ್ತ ತಂದಾಗ ಗುಮಾಸ್ತರಿಗೆ ಬರೀ ಕನ್ನಡ ಗೊತ್ತಿದ್ದರೆ ನಡುವೆ ಎರಡೂ ಬಲ್ಲವರೊಬ್ಬರು ಬೇಕು. ಡ್ರೈವರ್ ಮಾಡುವುದು ಇದೇ ಕೆಲಸ. ಡಿಬೀವರ್ ಜಾವಾದಲ್ಲಿ ಬರೆದ ಸಾಫ್ಟ್‌ವೇರ್. ಅದು ಜೆಡಿಬಿಸಿ ಎಂಬ ಒಂದೇ ಭಾಷೆಯಲ್ಲಿ ಮಾತಾಡುತ್ತದೆ. 1997ರಲ್ಲಿ ಜಾವಾ 1.1 ಜೊತೆ ಬಂದ ವ್ಯವಸ್ಥೆ ಇದು. ಪೋಸ್ಟ್‌ಗ್ರೆಸ್‌ನ ಭಾಷೆ ಬೇರೆ, ಮೈಎಸ್‌ಕ್ಯೂಎಲ್‌ನ ಭಾಷೆ ಬೇರೆ. ಹಾಗಾಗಿ ಒಂದೊಂದಕ್ಕೂ ಒಬ್ಬೊಬ್ಬ ದುಭಾಷಿ ಬೇಕು.

ಕೈಗೆ ಸಿಗುವ ರೂಪದಲ್ಲಿ ಡ್ರೈವರ್ ಅಂದರೆ ಒಂದು ಜಾರ್ ಫೈಲ್, ಅಷ್ಟೇ. ಪೋಸ್ಟ್‌ಗ್ರೆಸ್‌ದು ಸುಮಾರು 1 ಎಂಬಿ. ಪ್ರಿಂಟರ್ ಡ್ರೈವರ್ ಥರ ವಿಂಡೋಸ್‌ಗೆ ಇನ್‌ಸ್ಟಾಲ್ ಮಾಡುವ ವಸ್ತು ಅಲ್ಲ. ಆ ಫೈಲ್ ಎಲ್ಲಿದೆ ಅಂತ ಡಿಬೀವರ್‌ಗೆ ಗೊತ್ತಿದ್ದರೆ ಸಾಕು.

ಎಕ್ಸೆಲ್‌ನಿಂದ ನೇರ ಜೋಡಿಸುತ್ತೇನೆ ಅನ್ನುವವರಿಗೆ ಬೇಕಾದದ್ದು ಓಡಿಬಿಸಿ ಡ್ರೈವರ್, ಜೆಡಿಬಿಸಿ ಅಲ್ಲ. ಅಲ್ಲಿ ಎಕ್ಸೆಲ್ 32 ಬಿಟ್ ಆಗಿದ್ದರೆ ಡ್ರೈವರ್ ಕೂಡ 32 ಬಿಟ್ ಇರಬೇಕು. ಈ ಬರಹ ಡಿಬೀವರ್‌ಗೆ ಮಾತ್ರ.

ಹೊರಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಐದು ವಿವರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಸರ್ವರಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಸಂಖ್ಯೆ), ಪೋರ್ಟ್ (ಡೇಟಾಬೇಸ್ ಕೇಳಿಸಿಕೊಳ್ಳುವ ಬಾಗಿಲಿನ ಸಂಖ್ಯೆ), ಡೇಟಾಬೇಸ್ ಹೆಸರು, ಯೂಸರ್, ಪಾಸ್‌ವರ್ಡ್. ಆರನೆಯದು ಡೇಟಾಬೇಸಿನ ಆವೃತ್ತಿ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ಮುಂದೆ ಬೇಕಾಗುತ್ತದೆ.

ಐಪಿ ನೋಡಲು ಸರ್ವರ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್‌ಫಿಗ್ ಅಂತ ಟೈಪ್ ಮಾಡಿ. 192.168 ಇಂದ ಶುರುವಾಗುವ ಐಪಿವಿ4 ಸಂಖ್ಯೆ ಸಿಗುತ್ತದೆ. ಪೋರ್ಟನ್ನು ಯಾರೂ ಬದಲಿಸಿರದಿದ್ದರೆ ಪೋಸ್ಟ್‌ಗ್ರೆಸ್‌ಗೆ 5432, ಮೈಎಸ್‌ಕ್ಯೂಎಲ್ ಮತ್ತು ಮಾರಿಯಾಡಿಬಿಗೆ 3306, ಎಸ್‌ಕ್ಯೂಎಲ್ ಸರ್ವರ್‌ಗೆ 1433, ಒರಾಕಲ್‌ಗೆ 1521.

ಒಂದು ಮಿಲ್ಲಿನಲ್ಲಿ ನಾನು ಸಂಜೆ ಕನೆಕ್ಷನ್ ಮಾಡಿ ಬಂದೆ, ಚೆನ್ನಾಗಿ ಓಡುತ್ತಿತ್ತು. ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ಯಾವ ಕಂಪ್ಯೂಟರಿನಿಂದಲೂ ಡೇಟಾಬೇಸ್ ಸಿಗಲಿಲ್ಲ. ಪಾಸ್‌ವರ್ಡ್ ಬದಲಿಸಿದೆ, ಡ್ರೈವರ್ ತೆಗೆದು ಹಾಕಿದೆ, ಎರಡು ತಾಸು ಹೋಯಿತು. ಹೊರಗೆ ಭತ್ತದ ಲಾರಿಗಳು ಸಾಲಾಗಿ ನಿಂತಿದ್ದವು. ಆಮೇಲೆ ನೋಡಿದರೆ ರೂಟರ್ ಆಫ್ ಆಗಿ ಆನ್ ಆದಾಗ ಸರ್ವರಿಗೆ ಬೇರೆ ಐಪಿ ಕೊಟ್ಟುಬಿಟ್ಟಿತ್ತು. ಆ ದಿನದಿಂದ ನನ್ನ ಮೊದಲ ಕೆಲಸ ರೂಟರ್ ಸೆಟ್ಟಿಂಗಿಗೆ ಹೋಗಿ ಸರ್ವರಿಗೆ ಒಂದು ಐಪಿ ಕಾಯಂ ಮಾಡುವುದು. ಡಿಎಚ್‌ಸಿಪಿ ರಿಸರ್ವೇಷನ್ ಅಂತ ಅಲ್ಲಿ ಇರುತ್ತದೆ. ಕರೆಂಟ್ ಹೋಗಿ ಬರುವ ಊರಿನಲ್ಲಿ ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ.

ಕನೆಕ್ಷನ್ ಮಾಡುವುದು

ಡಿಬೀವರ್ ತೆರೆಯಿರಿ. ಮೇಲಿನ ಡೇಟಾಬೇಸ್ ಮೆನುವಿನಲ್ಲಿ ‘ನ್ಯೂ ಡೇಟಾಬೇಸ್ ಕನೆಕ್ಷನ್’ ಒತ್ತಿ. ಡೇಟಾಬೇಸ್‌ಗಳ ಉದ್ದ ಪಟ್ಟಿ ಬರುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಆರಿಸಿ, ನೆಕ್ಸ್ಟ್ ಒತ್ತಿ. ಹೋಸ್ಟ್ ಜಾಗದಲ್ಲಿ ಐಪಿ ಹಾಕಿ. ನೀವು ಸರ್ವರ್ ಕಂಪ್ಯೂಟರಿನಲ್ಲೇ ಕೂತಿದ್ದರೆ ಲೋಕಲ್‌ಹೋಸ್ಟ್ ಸಾಕು. ಪೋರ್ಟ್ ತಾನೇ ತುಂಬಿರುತ್ತದೆ. ಡೇಟಾಬೇಸ್ ಜಾಗದಲ್ಲಿ ಮೊದಲೇ ‘ಪೋಸ್ಟ್‌ಗ್ರೆಸ್’ ಅಂತ ಇರುತ್ತದೆ. ಅದನ್ನು ಅಳಿಸಿ ನಿಮ್ಮ ಡೇಟಾಬೇಸಿನ ಹೆಸರು ಹಾಕಿ. ಇಲ್ಲದಿದ್ದರೆ ಕನೆಕ್ಷನ್ ಆಗುತ್ತದೆ, ಒಳಗೆ ಒಂದು ಟೇಬಲ್ಲೂ ಇರುವುದಿಲ್ಲ. ಡೇಟಾ ಅಳಿಸಿಹೋಯಿತು ಅಂತ ಗಾಬರಿಯಾಗಿ ಫೋನ್ ಮಾಡಿದವರಿದ್ದಾರೆ. ಹೆಸರು ಸರಿಯಾಗಿ ಗೊತ್ತಿಲ್ಲದಿದ್ದರೆ ‘ಶೋ ಆಲ್ ಡೇಟಾಬೇಸಸ್’ ಟಿಕ್ ಮಾಡಿ, ಸರ್ವರಿನಲ್ಲಿರುವ ಎಲ್ಲವೂ ಕಾಣುತ್ತವೆ.

ಯೂಸರ್, ಪಾಸ್‌ವರ್ಡ್ ಹಾಕಿ. ಈಗಲೇ ಫಿನಿಶ್ ಒತ್ತಬೇಡಿ. ಕೆಳಗೆ ಎಡಗಡೆ ‘ಟೆಸ್ಟ್ ಕನೆಕ್ಷನ್’ ಇದೆ, ಅದನ್ನು ಒತ್ತಿ. ಮೊದಲ ಸಲವಾದರೆ ಡ್ರೈವರ್ ಫೈಲ್ ಇಲ್ಲ, ಇಳಿಸಲೇ ಎಂದು ಕೇಳುವ ಕಿಟಕಿ ಬರುತ್ತದೆ. ಇಂಟರ್ನೆಟ್ ಇದ್ದರೆ ಡೌನ್‌ಲೋಡ್ ಒತ್ತಿ. ಡಿಬೀವರ್ ತಾನೇ ಮೇವನ್ ಎಂಬ ಭಂಡಾರದಿಂದ ಜಾರ್ ಫೈಲ್ ತರುತ್ತದೆ. ಕನೆಕ್ಟೆಡ್ ಅಂತ ಬಂದು ಸರ್ವರ್ ಆವೃತ್ತಿ, ಡ್ರೈವರ್ ಆವೃತ್ತಿ ಎರಡೂ ಕಾಣಿಸಿದರೆ ಫಿನಿಶ್ ಒತ್ತಿ.

ಇಂಟರ್ನೆಟ್ ಇಲ್ಲದ ಕಡೆ ಡ್ರೈವರ್

ನಮ್ಮ ಕಡೆ ನಿಜವಾದ ತೊಂದರೆ ಇದು. ಮಿಲ್ ಊರ ಹೊರಗೆ ಇರುತ್ತದೆ. ಸರ್ವರಿಗೆ ಇಂಟರ್ನೆಟ್ ಕೊಟ್ಟಿರುವುದಿಲ್ಲ, ಕೊಡದಿರುವುದೇ ಒಳ್ಳೆಯದು ಕೂಡ. ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ಒಂದು ಕಡ್ಡಿ ಸಿಗ್ನಲ್. ಡೌನ್‌ಲೋಡ್ ಅರ್ಧಕ್ಕೆ ನಿಲ್ಲುತ್ತದೆ.

ಊರಿನಲ್ಲಿ ಒಳ್ಳೆಯ ನೆಟ್ ಇರುವಾಗಲೇ ಜಾರ್ ಫೈಲ್ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಪೋಸ್ಟ್‌ಗ್ರೆಸ್‌ದು ಅದರ ಜೆಡಿಬಿಸಿ ಯೋಜನೆಯ ಅಧಿಕೃತ ತಾಣದಲ್ಲಿ ಸಿಗುತ್ತದೆ. ಮೈಎಸ್‌ಕ್ಯೂಎಲ್‌ದು ‘ಕನೆಕ್ಟರ್/ಜೆ’ ಅಂತ ಇರುತ್ತದೆ. ಅಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಅಂತ ಕೇಳಿದರೆ ‘ಪ್ಲಾಟ್‌ಫಾರ್ಮ್ ಇಂಡಿಪೆಂಡೆಂಟ್’ ಆರಿಸಿ, ಜಿಪ್ ಬಿಡಿಸಿ, ಒಳಗಿನ ಜಾರ್ ಮಾತ್ರ ಇಟ್ಟುಕೊಳ್ಳಿ. ಹುಡುಕಾಟದಲ್ಲಿ ಸಿಗುವ ಯಾವುದೋ ತಾಣದಿಂದ ಜಾರ್ ಇಳಿಸಬೇಡಿ. ನಿಮ್ಮ ಪಾಸ್‌ವರ್ಡ್ ಹಾದು ಹೋಗುವುದು ಆ ಫೈಲಿನ ಮೂಲಕವೇ.

ಮಿಲ್ಲಿಗೆ ಹೋದ ಮೇಲೆ ಡೇಟಾಬೇಸ್ ಮೆನುವಿನ ‘ಡ್ರೈವರ್ ಮ್ಯಾನೇಜರ್’ ತೆರೆಯಿರಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಆರಿಸಿ ‘ಎಡಿಟ್’ ಒತ್ತಿ. ‘ಲೈಬ್ರರೀಸ್’ ಟ್ಯಾಬಿಗೆ ಹೋಗಿ. ಅಲ್ಲಿ ಮೇವನ್‌ಗೆ ಸಂಬಂಧಿಸಿದ ಒಂದೆರಡು ಸಾಲು ಮೊದಲೇ ಇರುತ್ತವೆ. ಅವನ್ನು ತೆಗೆದುಹಾಕಿ. ಬಿಟ್ಟರೆ ಡಿಬೀವರ್ ಮತ್ತೆ ಇಂಟರ್ನೆಟ್ ಕಡೆಗೇ ನೋಡುತ್ತದೆ. ಆಮೇಲೆ ‘ಆಡ್ ಫೈಲ್’ ಒತ್ತಿ ನಿಮ್ಮ ಜಾರ್ ಆರಿಸಿ. ಪೆನ್‌ಡ್ರೈವಿನಿಂದಲೇ ಆರಿಸಬೇಡಿ! ಮೊದಲು ಸಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಅಲ್ಲಿಗೆ ಕಾಪಿ ಮಾಡಿ, ಅಲ್ಲಿಂದ ಆರಿಸಿ. ಇಲ್ಲದಿದ್ದರೆ ಪೆನ್‌ಡ್ರೈವ್ ಕಿತ್ತುಕೊಂಡು ಬಂದ ಮರುಕ್ಷಣ ಡ್ರೈವರ್ ಮಾಯ.

ಅದೇ ಕಿಟಕಿಯಲ್ಲಿ ‘ಫೈಂಡ್ ಕ್ಲಾಸ್’ ಒತ್ತಿದರೆ ಜಾರ್ ಒಳಗಿನ ಡ್ರೈವರ್ ಕ್ಲಾಸ್ ಹೆಸರು ಹುಡುಕಿ ಕೊಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಇದು ಮುಖ್ಯ. ಹೊಸ ಕನೆಕ್ಟರ್‌ನ ಕ್ಲಾಸ್ ಹೆಸರಿನ ನಡುವೆ ‘ಸಿಜೆ’ ಅಂತ ಬರುತ್ತದೆ, ಹಳೆಯದರಲ್ಲಿ ಬರುತ್ತಿರಲಿಲ್ಲ. ಹಳೆಯ ಜಾರ್‌ಗೆ ಹೊಸ ಹೆಸರು ಹಾಕಿದರೆ ಕ್ಲಾಸ್ ಸಿಗಲಿಲ್ಲ ಎಂಬ ಎರರ್ ಗ್ಯಾರಂಟಿ.

‘ಯುಆರ್‌ಎಲ್ ಟೆಂಪ್ಲೇಟ್’ ಮುಟ್ಟಬೇಡಿ. ಓದಿ ಅರ್ಥ ಮಾಡಿಕೊಳ್ಳಿ, ಸಾಕು. ಜೆಡಿಬಿಸಿ, ಕೋಲನ್, ಪೋಸ್ಟ್‌ಗ್ರೆಸ್‌ಕ್ಯೂಎಲ್, ಕೋಲನ್, ಎರಡು ಓರೆಗೆರೆ, ಸರ್ವರ್ ವಿಳಾಸ, ಕೋಲನ್, ಪೋರ್ಟ್, ಒಂದು ಓರೆಗೆರೆ, ಡೇಟಾಬೇಸ್ ಹೆಸರು. ನೀವು ಮೊದಲ ಪರದೆಯಲ್ಲಿ ತುಂಬಿದ ವಿವರಗಳನ್ನೇ ಡಿಬೀವರ್ ಹೀಗೆ ಒಂದು ಸಾಲಾಗಿ ಜೋಡಿಸುತ್ತದೆ. ನಾಳೆ ಜಾವಾ ಪ್ರೋಗ್ರಾಂ ಬರೆದರೆ ಅಲ್ಲೂ ಬೇಕಾಗುವುದು ಇದೇ ಸಾಲು.

ಎರರ್ ಬಂದರೆ: ಲಾರಿ ಎಲ್ಲಿ ನಿಂತಿದೆ?

ಭತ್ತದ ಲಾರಿ ಬರಲಿಲ್ಲ ಅಂದರೆ ಮೊದಲು ಕೇಳುವುದು ಎಲ್ಲಿ ನಿಂತಿದೆ ಅಂತ ಅಲ್ವಾ? ರಸ್ತೆಯಲ್ಲೇ, ಗೇಟಿನ ಹೊರಗೆ, ಕಾಟಾದ ಮೇಲೆ, ಇಲ್ಲ ಗೋಡೌನ್ ಮುಂದೆ. ಎರರ್ ಓದುವುದೂ ಹಾಗೆಯೇ.

ಬಹಳ ಹೊತ್ತು ಸುತ್ತಿ ಕೊನೆಗೆ ‘ಟೈಮ್ಡ್ ಔಟ್’ ಅಂತ ಬಂದರೆ ಲಾರಿ ಇನ್ನೂ ರಸ್ತೆಯಲ್ಲೇ ಇದೆ. ಐಪಿ ತಪ್ಪು, ಬೇರೆ ವೈಫೈಗೆ ಸೇರಿದ್ದೀರಿ, ಅಥವಾ ಸರ್ವರಿನ ಫೈರ್‌ವಾಲ್ ತಡೆದಿದೆ. ಪಿಂಗ್ (ಸರ್ವರ್ ಇದೆಯಾ ಅಂತ ಕೂಗಿ ನೋಡುವ ಕಮಾಂಡ್) ಮಾಡಿ ಉತ್ತರ ಬರಲಿಲ್ಲ ಅಂತ ಸರ್ವರ್ ಸತ್ತಿದೆ ಅಂದುಕೊಳ್ಳಬೇಡಿ. ವಿಂಡೋಸ್ ಫೈರ್‌ವಾಲ್ ಪಿಂಗನ್ನೂ ತಡೆಯಬಹುದು. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡಿಗೆ ಐಪಿ, ಆಮೇಲೆ ‘-ಪೋರ್ಟ್ 5432’ ಕೊಟ್ಟು ನೋಡಿ. ಕೊನೆಯ ಸಾಲಿನಲ್ಲಿ ಟ್ರೂ ಬಂದರೆ ರಸ್ತೆ ತೆರೆದಿದೆ. ಫಾಲ್ಸ್ ಬಂದರೆ ಸರ್ವರಿನ ಡಿಫೆಂಡರ್ ಫೈರ್‌ವಾಲ್‌ನಲ್ಲಿ ‘ಇನ್‌ಬೌಂಡ್ ರೂಲ್’ ಒಂದನ್ನು ಸೇರಿಸಿ: ಟಿಸಿಪಿ, 5432, ಪ್ರೈವೇಟ್ ನೆಟ್‌ವರ್ಕ್‌ಗೆ ಮಾತ್ರ.

‘ಕನೆಕ್ಷನ್ ರಿಫ್ಯೂಸ್ಡ್’ ಎಂಬುದು ಬೇರೆಯೇ ಮಾತು. ಗೇಟಿನವರೆಗೆ ಬಂದಿರಿ, ಗೇಟಿನಲ್ಲಿ ಯಾರೂ ಇಲ್ಲ. ಪೋಸ್ಟ್‌ಗ್ರೆಸ್ ಸರ್ವಿಸ್ ನಿಂತಿರಬಹುದು, ಪೋರ್ಟ್ ತಪ್ಪಿರಬಹುದು. ಲಿನಕ್ಸ್ ಸರ್ವರ್ ಆಗಿದ್ದರೆ ಮೂರನೆಯ ಕಾರಣವೇ ಜಾಸ್ತಿ: ಪೋಸ್ಟ್‌ಗ್ರೆಸ್ ತನ್ನ ಕಂಪ್ಯೂಟರಿನ ಮಾತನ್ನು ಮಾತ್ರ ಕೇಳುತ್ತಿರುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡಾಟ್ ಕಾನ್ಫ್ ಫೈಲಿನಲ್ಲಿ ‘ಲಿಸನ್_ಅಡ್ರೆಸಸ್’ ಹುಡುಕಿ, ಲೋಕಲ್‌ಹೋಸ್ಟ್ ಬದಲು ನಕ್ಷತ್ರ ಚಿಹ್ನೆ ಅಥವಾ ಸರ್ವರಿನ ಐಪಿ ಹಾಕಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಇದು ಮೊದಲೇ ನಕ್ಷತ್ರ ಆಗಿರುತ್ತದೆ.

‘ನೋ ಪಿಜಿ_ಎಚ್‌ಬಿಎ ಡಾಟ್ ಕಾನ್ಫ್ ಎಂಟ್ರಿ’ ಅಂತ ಬಂದರೆ ಖುಷಿಪಡಿ! ಡ್ರೈವರ್ ಸರಿ, ನೆಟ್‌ವರ್ಕ್ ಸರಿ, ಸರ್ವರ್ ಮಾತಾಡುತ್ತಿದೆ. ಕಾವಲುಗಾರನ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಅಷ್ಟೇ. ಸರ್ವರಿನಲ್ಲಿ ‘ಶೋ ಎಚ್‌ಬಿಎ_ಫೈಲ್’ ಎಂಬ ಕ್ವೆರಿ ಓಡಿಸಿದರೆ ಆ ಫೈಲ್ ಎಲ್ಲಿದೆ ಅಂತ ತೋರಿಸುತ್ತದೆ. ಅದರ ಕೊನೆಗೆ ಒಂದು ಸಾಲು ಸೇರಿಸಿ. ಐದು ಪದಗಳು, ನಡುವೆ ಖಾಲಿ ಜಾಗ: ಹೋಸ್ಟ್, ಡೇಟಾಬೇಸ್ ಹೆಸರು, ಯೂಸರ್ ಹೆಸರು, 192.168.1.0/24, ಸ್ಕ್ರ್ಯಾಮ್-ಶಾ-256. ಕೊನೆಯದು ಪಾಸ್‌ವರ್ಡ್ ಪರೀಕ್ಷಿಸುವ ರೀತಿಯ ಹೆಸರು. ನಾಲ್ಕನೆಯದು ನಿಮ್ಮ ನೆಟ್‌ವರ್ಕಿಗೆ ತಕ್ಕಂತೆ ಬದಲಾಗುತ್ತದೆ. ಸರ್ವರ್ 192.168.0 ಸಾಲಿನಲ್ಲಿದ್ದರೆ 192.168.0.0/24. ಈ ಬದಲಾವಣೆಗೆ ರೀಸ್ಟಾರ್ಟ್ ಬೇಡ, ರೀಲೋಡ್ ಸಾಕು. ‘ಸೆಲೆಕ್ಟ್ ಪಿಜಿ_ರೀಲೋಡ್_ಕಾನ್ಫ್’ ಬರೆದು ಕೊನೆಗೆ ಖಾಲಿ ಬ್ರಾಕೆಟ್ ಜೋಡಿ ಹಾಕಿ. ಕಾಟಾ ನಡೆಯುವ ಹೊತ್ತಿನಲ್ಲಿ ಡೇಟಾಬೇಸ್ ನಿಲ್ಲಿಸದೆ ಕೆಲಸ ಮುಗಿಯುತ್ತದೆ. ಪಾಸ್‌ವರ್ಡ್ ಕಿರಿಕಿರಿ ಬೇಡ ಅಂತ ಕೊನೆಯ ಪದದ ಜಾಗದಲ್ಲಿ ‘ಟ್ರಸ್ಟ್’ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ವೈಫೈ ಪಾಸ್‌ವರ್ಡ್ ಗೊತ್ತಿರುವ ಯಾರು ಬೇಕಾದರೂ ಇಡೀ ಲೆಕ್ಕ ಅಳಿಸಬಹುದು.

ಮೈಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ ಸಮನಾದ ಎರರ್ ‘ಹೋಸ್ಟ್ ಈಸ್ ನಾಟ್ ಅಲೌಡ್’. ಅಲ್ಲಿ ಯೂಸರ್ ಹೆಸರಿನ ಜೊತೆ ಎಲ್ಲಿಂದ ಬರಬಹುದು ಎಂಬುದೂ ಸೇರಿರುತ್ತದೆ. ಲೋಕಲ್‌ಹೋಸ್ಟ್‌ಗೆ ಅಂತ ಮಾಡಿದ ಯೂಸರ್ ನಿಮ್ಮ ಲ್ಯಾಪ್‌ಟಾಪಿನಿಂದ ಒಳಗೆ ಬರಲಾರ. ಲ್ಯಾಪ್‌ಟಾಪಿನ ವಿಳಾಸಕ್ಕೆ ಇನ್ನೊಬ್ಬ ಯೂಸರ್ ಮಾಡಿಸಿ.

ಪಾಸ್‌ವರ್ಡ್ ತಪ್ಪು, ಡೇಟಾಬೇಸ್ ಇಲ್ಲ ಎಂಬ ಎರರ್‌ಗಳ ಅರ್ಥ ಹೇಳಬೇಕಾಗಿಲ್ಲ. ಪಾಸ್‌ವರ್ಡ್ ಕಾಪಿ-ಪೇಸ್ಟ್ ಮಾಡಿದಾಗ ಕೊನೆಗೆ ಒಂದು ಸ್ಪೇಸ್ ಸೇರಿಕೊಂಡಿದೆಯಾ ನೋಡಿ.

ಡ್ರೈವರ್‌ನಿಂದಲೇ ಬರುವ ಮೂರು ತೊಂದರೆ

ಒಂದು: ‘ಅಥೆಂಟಿಕೇಷನ್ ಟೈಪ್ 10 ಈಸ್ ನಾಟ್ ಸಪೋರ್ಟೆಡ್’. ಹಳೆಯ ದುಭಾಷಿಗೆ ಹೊಸ ಮಾತು ಗೊತ್ತಿಲ್ಲ. ಪೋಸ್ಟ್‌ಗ್ರೆಸ್ 14, ಅಂದರೆ 2021ರಿಂದ, ಪಾಸ್‌ವರ್ಡನ್ನು ಸ್ಕ್ರ್ಯಾಮ್ ಎಂಬ ರೀತಿಯಲ್ಲಿ ಇಡುವುದೇ ರೂಢಿ. ಪೋಸ್ಟ್‌ಗ್ರೆಸ್ ಜೆಡಿಬಿಸಿ ಡ್ರೈವರ್‌ಗೆ ಅದು ಬರುವುದು 42.2.0 ಆವೃತ್ತಿಯಿಂದ ಈಚೆಗೆ. ಯಾರೋ ವರ್ಷಗಳ ಹಿಂದೆ ಪೆನ್‌ಡ್ರೈವಿಗೆ ಹಾಕಿಟ್ಟ ಜಾರ್ ಬಳಸಿದರೆ ಹೀಗಾಗುತ್ತದೆ. ಹೊಸ ಜಾರ್ ಹಾಕಿ. ಸರ್ವರಿನ ಸೆಟ್ಟಿಂಗನ್ನು ಎಂಡಿ5 ಎಂಬ ಹಳೆಯ ರೀತಿಗೆ ಇಳಿಸಬೇಡಿ.

ಎರಡು: ಮೈಎಸ್‌ಕ್ಯೂಎಲ್ 8ರಲ್ಲಿ ‘ಪಬ್ಲಿಕ್ ಕೀ ರಿಟ್ರೀವಲ್ ಈಸ್ ನಾಟ್ ಅಲೌಡ್’. ಕನೆಕ್ಷನ್ ಸೆಟ್ಟಿಂಗಿನ ‘ಡ್ರೈವರ್ ಪ್ರಾಪರ್ಟೀಸ್’ ಟ್ಯಾಬಿನಲ್ಲಿ ‘ಅಲೌಪಬ್ಲಿಕ್‌ಕೀರಿಟ್ರೀವಲ್’ ಎಂಬ ಸಾಲು ಹುಡುಕಿ ಟ್ರೂ ಮಾಡಿ. ಮಿಲ್ಲಿನ ಒಳಗಿನ ನೆಟ್‌ವರ್ಕಿಗೆ ಇದು ನಡೆಯುತ್ತದೆ. ಇಂಟರ್ನೆಟ್ ಮೂಲಕ ಹೋಗುವ ಕನೆಕ್ಷನ್ ಆದರೆ ಇದರ ಬದಲು ಎಸ್‌ಎಸ್‌ಎಲ್ (ಮಾತನ್ನು ಗುಪ್ತಗೊಳಿಸುವ ವ್ಯವಸ್ಥೆ) ಆನ್ ಮಾಡಿ.

ಮೂರನೆಯದು ಭಾರತದಲ್ಲಿ ಕೂತ ನಮ್ಮಂಥವರಿಗೇ ಬರುವ ತೊಂದರೆ. ಎಲ್ಲ ಸರಿ ಇದ್ದೂ ‘ಇನ್‌ವ್ಯಾಲಿಡ್ ವ್ಯಾಲ್ಯೂ ಫಾರ್ ಪ್ಯಾರಾಮೀಟರ್ ಟೈಮ್‌ಜೋನ್: ಏಷ್ಯಾ/ಕಲ್ಕತ್ತಾ’ ಅಂತ ಬರುತ್ತದೆ. ಆ ನಗರದ ಹೆಸರು 2001ರಲ್ಲೇ ಕೋಲ್ಕತಾ ಆಯಿತು. ವಿಂಡೋಸ್‌ನಲ್ಲಿ ಓಡುವ ಜಾವಾ ಮಾತ್ರ ಭಾರತದ ಸಮಯಕ್ಕೆ ಇನ್ನೂ ಹಳೆಯ ಹೆಸರನ್ನೇ ಹೇಳುತ್ತದೆ. ಪೋಸ್ಟ್‌ಗ್ರೆಸ್ ಡ್ರೈವರ್ ಅದನ್ನು ಹಾಗೇ ಸರ್ವರಿಗೆ ಕಳಿಸುತ್ತದೆ. ಉಬುಂಟು 24.04ರಂಥ ಹೊಸ ಲಿನಕ್ಸ್‌ಗಳಲ್ಲಿ ಹಳೆಯ ಹೆಸರುಗಳನ್ನು ಬೇರೆ ಪ್ಯಾಕೇಜಿಗೆ ಸರಿಸಿದ್ದಾರೆ. ಸರ್ವರಿಗೆ ಆ ಹೆಸರು ಗೊತ್ತೇ ಇರುವುದಿಲ್ಲ, ಬಾಗಿಲು ಹಾಕಿಬಿಡುತ್ತದೆ. ಪರಿಹಾರ ಸುಲಭ. ಡಿಬೀವರ್ ಫೋಲ್ಡರ್‌ನಲ್ಲಿ ಡಿಬೀವರ್ ಡಾಟ್ ಐಎನ್‌ಐ ಫೈಲ್ ಇದೆ. ಅದನ್ನು ನೋಟ್‌ಪ್ಯಾಡಿನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ‘-ವಿಎಂಆರ್ಗ್ಸ್’ ಸಾಲಿನ ಕೆಳಗೆ, ಎಲ್ಲಕ್ಕಿಂತ ಕೊನೆಗೆ, ಹೊಸ ಸಾಲು ಹಾಕಿ: ಹೈಫನ್, ದೊಡ್ಡಕ್ಷರದ ಡಿ, ಜಾಗ ಬಿಡದೆ ಯೂಸರ್, ಚುಕ್ಕಿ, ಟೈಮ್‌ಜೋನ್, ಸಮ ಚಿಹ್ನೆ, ಏಷ್ಯಾ/ಕೋಲ್ಕತಾ. ಏಷ್ಯಾದ ಎ, ಕೋಲ್ಕತಾದ ಕೆ ದೊಡ್ಡಕ್ಷರ. ಡಿಬೀವರ್ ಮುಚ್ಚಿ ತೆರೆಯಿರಿ. ಮೈಎಸ್‌ಕ್ಯೂಎಲ್‌ನಲ್ಲಿ ಸರ್ವರಿನ ‘ಇಂಡಿಯಾ ಸ್ಟ್ಯಾಂಡರ್ಡ್ ಟೈಮ್’ ಗುರುತು ಸಿಗಲಿಲ್ಲ ಅಂತ ಡ್ರೈವರ್ ಹೇಳಿದರೆ ಡ್ರೈವರ್ ಪ್ರಾಪರ್ಟೀಸ್‌ನ ‘ಸರ್ವರ್‌ಟೈಮ್‌ಜೋನ್’ ಸಾಲಿಗೂ ಇದೇ ಹೆಸರು ಕೊಡಿ.

ಒಳಗೆ ಹೋದ ಮೇಲೆ

ಮೊದಲ ಕ್ವೆರಿ ಸುಮ್ನೆ ಸಮಯ ಕೇಳುವುದು: ‘ಸೆಲೆಕ್ಟ್ ನೌ’, ಕೊನೆಗೆ ಖಾಲಿ ಬ್ರಾಕೆಟ್ ಜೋಡಿ. ಗೋಡೆಯ ಗಡಿಯಾರಕ್ಕೆ ಹೊಂದಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಕೊನೆಗೆ +0530 ಕಾಣಬೇಕು. ಐದೂವರೆ ತಾಸು ಹಿಂದೆ ಇದ್ದರೆ ಟೈಮ್‌ಜೋನ್ ಇನ್ನೂ ಸರಿಯಾಗಿಲ್ಲ. ಹಾಗೇ ಬಿಟ್ಟರೆ ಬೆಳಗಿನ ಜಾವ ಬಂದ ಲಾರಿಗಳೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತವೆ.

ಎರಡನೆಯದು ಕನ್ನಡ. ರೈತರ ಹೆಸರು, ಊರು ಕನ್ನಡದಲ್ಲಿದ್ದರೆ ಒಂದು ಟೇಬಲ್ ತೆರೆದು ನೋಡಿ. ಬರೀ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಬರೆಯುವಾಗಲೇ ಎನ್‌ಕೋಡಿಂಗ್ ತಪ್ಪಿ ಅಕ್ಷರ ಕಳೆದುಹೋಗಿರುವ ಸಾಧ್ಯತೆ ಹೆಚ್ಚು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಯುಟಿಎಫ್8ರಲ್ಲಿ, ಮೈಎಸ್‌ಕ್ಯೂಎಲ್ ಟೇಬಲ್ ಯುಟಿಎಫ್8ಎಂಬಿ4ರಲ್ಲಿ ಇರಬೇಕು. ಪ್ರಶ್ನಾರ್ಥಕದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಡೇಟಾ ಇರಬಹುದು. ಅದು ಯೂನಿಕೋಡ್ ಅಲ್ಲ. ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ, ಡೇಟಾವನ್ನೇ ಯೂನಿಕೋಡಿಗೆ ಪರಿವರ್ತಿಸಬೇಕು.

ಈಗ ಕಾಪಾಡಿಕೊಳ್ಳುವ ಕೆಲಸ. ಪೋಸ್ಟ್‌ಗ್ರೆಸ್ ಎಂಬ ದೊಡ್ಡ ಯೂಸರ್‌ನಿಂದ ದಿನನಿತ್ಯ ಒಳಗೆ ಹೋಗಬೇಡಿ. ಲೆಕ್ಕ ನೋಡಲು ಮಾತ್ರ ಬೇರೆ ಯೂಸರ್ ಮಾಡಿ. ಪೋಸ್ಟ್‌ಗ್ರೆಸ್ 14ರಿಂದ ‘ಪಿಜಿ_ರೀಡ್_ಆಲ್_ಡೇಟಾ’ ಎಂಬ ಸಿದ್ಧ ಪಾತ್ರವಿದೆ. ಅದನ್ನು ಗ್ರ್ಯಾಂಟ್ ಮಾಡಿದರೆ ಎಲ್ಲವನ್ನೂ ಓದಬಹುದು, ಏನನ್ನೂ ಅಳಿಸಲಾಗದು. ಡಿಬೀವರ್ ಕನೆಕ್ಷನ್ ಸೆಟ್ಟಿಂಗಿನಲ್ಲೂ ‘ರೀಡ್-ಓನ್ಲಿ’ ಟಿಕ್ ಇದೆ, ಹಾಕಿ. ಕನೆಕ್ಷನ್ ಟೈಪ್ ‘ಪ್ರೊಡಕ್ಷನ್’ ಮಾಡಿದರೆ ಬಣ್ಣ ಬದಲಾಗುತ್ತದೆ, ಟೆಸ್ಟ್ ಡೇಟಾಬೇಸ್ ಅಂದುಕೊಂಡು ಅಸಲಿಗೆ ಕೈ ಹಾಕುವುದು ತಪ್ಪುತ್ತದೆ. ಎಲ್ಲರೂ ಬಳಸುವ ಕಂಪ್ಯೂಟರಿನಲ್ಲಿ ‘ಸೇವ್ ಪಾಸ್‌ವರ್ಡ್’ ಟಿಕ್ ತೆಗೆಯಿರಿ.

ಮನೆಯಿಂದಲೂ ನೋಡಬೇಕು ಅಂತ ರೂಟರ್‌ನಲ್ಲಿ 5432 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಎಸ್‌ಎಸ್‌ಎಚ್ ಬಳಸಿ, ಅದು ದೂರದ ಕಂಪ್ಯೂಟರಿಗೆ ಗುಪ್ತವಾಗಿ ಹೋಗುವ ದಾರಿ. ಕನೆಕ್ಷನ್ ಸೆಟ್ಟಿಂಗಿನಲ್ಲಿ ಅದಕ್ಕೇ ಒಂದು ಟ್ಯಾಬ್ ಇದೆ. ಎಸ್‌ಎಸ್‌ಎಚ್ ಸರ್ವರಿನ ವಿಳಾಸ, ಪೋರ್ಟ್ 22, ಯೂಸರ್, ಕೀ ಫೈಲ್ ಕೊಡಿ. ಆಮೇಲೆ ಮೊದಲ ಟ್ಯಾಬಿನ ಹೋಸ್ಟ್ ಜಾಗದಲ್ಲಿ ಏನು ಬರೆಯಬೇಕು ಅಂತ ಗೊಂದಲವಾಗುತ್ತದೆ. ಆ ವಿಳಾಸವನ್ನು ಎಸ್‌ಎಸ್‌ಎಚ್ ಸರ್ವರಿನ ಒಳಗೆ ನಿಂತು ನೋಡಬೇಕು. ಪೋಸ್ಟ್‌ಗ್ರೆಸ್ ಅದೇ ಕಂಪ್ಯೂಟರಿನಲ್ಲಿದ್ದರೆ ಲೋಕಲ್‌ಹೋಸ್ಟ್ ಅಂತಲೇ ಬರೆಯಿರಿ. ಹಾಟ್‌ಸ್ಪಾಟ್‌ನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಕನೆಕ್ಷನ್ ಕಡಿಯುತ್ತಿದ್ದರೆ ‘ಇನಿಶಿಯಲೈಸೇಷನ್’ ಪುಟದಲ್ಲಿ ‘ಕೀಪ್-ಅಲೈವ್’ಗೆ 60 ಸೆಕೆಂಡ್ ಕೊಡಿ.

ಹೊರಡುವ ಮುಂಚೆ ಇನ್ನೊಂದು ಕೆಲಸ ಮಾಡಿ. ಒಂದು ಕಾಗದದಲ್ಲಿ ಐಪಿ, ಪೋರ್ಟ್, ಡೇಟಾಬೇಸ್ ಹೆಸರು, ಸರ್ವರ್ ಆವೃತ್ತಿ, ಡ್ರೈವರ್ ಜಾರ್ ಆವೃತ್ತಿ, ಅದು ಸಿ ಡ್ರೈವ್‌ನಲ್ಲಿ ಇರುವ ಫೋಲ್ಡರ್, ಇಷ್ಟನ್ನು ದೊಡ್ಡದಾಗಿ ಬರೆದು ಸರ್ವರಿನ ಸಿಪಿಯು ಪಕ್ಕಕ್ಕೆ ಅಂಟಿಸಿ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ. ಸುಗ್ಗಿಯ ಮಧ್ಯೆ ಬೆಳಿಗ್ಗೆ ಆರಕ್ಕೆ ಗುಮಾಸ್ತರು ಫೋನ್ ಮಾಡಿದಾಗ ಆ ಕಾಗದವನ್ನೇ ಓದಿ ಹೇಳಿಸಿಕೊಂಡರೆ ಸಾಕು, ಗಂಗಾವತಿಯಿಂದ ಬೈಕ್ ತೆಗೆಯಬೇಕಾಗುವುದಿಲ್ಲ.